ಮಕ್ಕಳಿಗೆ ಬೀದರ್ ತೋರಿಸುವವರಿಗೆ ಒಂದು ಬಹಿರಂಗ ಪತ್ರ

ಕಲ್ಯಾಣ ಕರ್ನಾಟಕದ ಶಾಲೆಗಳ ಮುಖ್ಯ ಗುರುಗಳಿಗೆ, ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರಿಗೆ, ಶೈಕ್ಷಣಿಕ ಪ್ರವಾಸಕ್ಕೆ ಅನುಮತಿ ನೀಡುವ ಅಧಿಕಾರಿಗಳಿಗೆ ಹಾಗೂ ಬೀದರ್ ನಗರದ ಸ್ಮಾರಕಗಳ ಹೊಣೆ ಹೊತ್ತಿರುವ ಎಲ್ಲರಿಗೂ,

ಮಾನ್ಯರೇ,

ನಾನು ಆಳಂದ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ಕಳೆದ ಡಿಸೆಂಬರಿನಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯ 44 ಮಕ್ಕಳನ್ನು, ಅವರಲ್ಲಿ 23 ಹೆಣ್ಣುಮಕ್ಕಳು, ಇಬ್ಬರು ಸಹೋದ್ಯೋಗಿಗಳ ಜೊತೆಗೂಡಿ ಒಂದು ದಿನದ ಮಟ್ಟಿಗೆ ಬೀದರಿಗೆ ಕರೆದುಕೊಂಡು ಹೋಗಿದ್ದೆ. ಆ ದಿನ ಏನಾಯಿತು, ಏನಾಗಲಿಲ್ಲ ಎಂಬುದನ್ನು ನಿಮ್ಮೆಲ್ಲರ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಎರಡು ಬಗೆಯದು. ಪ್ರವಾಸದ ಪಟ್ಟಿ ಮಾಡುವ ನನ್ನಂಥ ಶಿಕ್ಷಕರು ಒಂದು ದಿನಕ್ಕೆ ನೋಡುವ ಸ್ಥಳಗಳನ್ನು ಕಡಿಮೆ ಮಾಡಬೇಕು; ಸ್ಮಾರಕಗಳನ್ನು ಕಾಯುವವರು ಮಕ್ಕಳು ಅಲ್ಲಿ ಹೊತ್ತು ಕಳೆಯಲು ಬೇಕಾದ ಅನುಕೂಲವನ್ನು ಮಾಡಿಕೊಡಬೇಕು.

ಸ್ಥಳ ಕಡಿಮೆ ಮಾಡಬೇಕೆಂಬ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮೂರು ವರ್ಷದ ಹಿಂದೆ ಇದೇ ಬೀದರಿಗೆ ಮಕ್ಕಳನ್ನು ಕರೆದೊಯ್ದಾಗ ನಮ್ಮ ಪಟ್ಟಿಯಲ್ಲಿ ಹನ್ನೊಂದು ಸ್ಥಳಗಳಿದ್ದವು. ಕೋಟೆಗೆ ಮುಕ್ಕಾಲು ಗಂಟೆ, ಮದರಸಾಕ್ಕೆ ಇಪ್ಪತ್ತು ನಿಮಿಷ, ಬರೀದಶಾಹಿ ಗೋರಿಗಳಿಗೆ ಕಾಲು ಗಂಟೆ, ಹೋಗುವಾಗಲೋ ಬರುವಾಗಲೋ ಬಸವಕಲ್ಯಾಣ, ನಡುವೆ ಝರಣಿ ನರಸಿಂಹ. ದಿನವಿಡೀ ನಾನು ಮಾಡಿದ ಮುಖ್ಯ ಕೆಲಸವೆಂದರೆ ಸೀಟಿ ಊದುವುದು ಮತ್ತು ತಲೆ ಎಣಿಸುವುದು. ಮರಳಿ ಬಂದ ಮೇಲೆ ಪ್ರವಾಸದ ಬಗ್ಗೆ ಒಂದು ಪುಟ ಬರೆಯಲು ಹೇಳಿದಾಗ ಹೆಚ್ಚಿನ ಮಕ್ಕಳು ಬಸ್ಸಿನಲ್ಲಿ ಹಾಡಿದ ಹಾಡುಗಳ ಬಗ್ಗೆ, ವಾಂತಿ ಮಾಡಿಕೊಂಡ ಗೆಳೆಯನ ಬಗ್ಗೆ ಬರೆದಿದ್ದರು. ಕೋಟೆಯ ಬಗ್ಗೆ ಇದ್ದದ್ದು ಪಠ್ಯಪುಸ್ತಕದ ಸಾಲುಗಳೇ. ಆ ಉತ್ತರಗಳನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ. ತಪ್ಪು ಮಕ್ಕಳದಲ್ಲ, ಪಟ್ಟಿ ಮಾಡಿದ ನನ್ನದು.

ಆದ್ದರಿಂದ ಈ ಸಲ ನಾಲ್ಕೇ ಸ್ಥಳ ಇಟ್ಟುಕೊಂಡೆವು: ಬೆಳಿಗ್ಗೆ ಕೋಟೆ, ಅಲ್ಲಿಂದ ನಡೆದುಕೊಂಡೇ ಮಹಮೂದ್ ಗವಾನನ ಮದರಸಾ ಮತ್ತು ಊರ ನಡುವಿನ ಕಾವಲು ಗೋಪುರ ಚೌಬಾರಾ, ಮಧ್ಯಾಹ್ನ ಸಿಖ್ಖರ ಗುರುದ್ವಾರ ಗುರುನಾನಕ್ ಝೀರಾ, ಇಳಿಹೊತ್ತಿಗೆ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳು. ಇಷ್ಟು ದೂರ ಹೋಗಿ ನಾಲ್ಕೇ ಏನು ಎಂದು ಪಾಲಕರಲ್ಲಿ ಕೆಲವರು ಕೇಳಿದರು. ಕೊಟ್ಟ ಹಣಕ್ಕೆ ಹೆಚ್ಚು ಊರು ನೋಡಿದರೆ ಒಳ್ಳೆಯದಲ್ಲವೇ ಎಂಬ ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ತೊಗರಿ ಕಟಾವಿನ ಕೂಲಿಯಿಂದ ಉಳಿಸಿದ ಹಣ ಅದು. ಆದರೂ ನಾವು ಪಟ್ಟಿ ಬದಲಿಸಲಿಲ್ಲ.

ನಸುಕಿನ ಐದಕ್ಕೆ ಬಸ್ಸು ಹೊರಟಿತು. ಹುಮನಾಬಾದ ದಾಟಿ ಬೀದರಿನ ಹಾದಿ ಹಿಡಿದ ಮೇಲೆ ನಮ್ಮ ಕಡೆಯ ಕರಿ ಎರೆಭೂಮಿ ಹಿಂದೆ ಉಳಿದು ಕೆಂಪು ನೆಲ ಕಾಣತೊಡಗುತ್ತದೆ. ಮಕ್ಕಳಿಗೆ ಕಿಟಕಿಯಿಂದ ಹೊರಗೆ ನೋಡಿ ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆಂದು ಗುರುತಿಸಲು ಹೇಳಿದ್ದೆ. ಅವರಿಗೆ ಇನ್ನೊಂದು ಮಾತನ್ನೂ ಹೇಳಿದ್ದೆ: ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾದ ಮೇಲೆ ಮುಕ್ಕಾಲು ಶತಮಾನದಷ್ಟು ಕಾಲ ಅದರ ರಾಜಧಾನಿ ನಮ್ಮ ಕಲಬುರಗಿಯೇ ಆಗಿತ್ತು, ಅದನ್ನು ಬೀದರಿಗೆ ಒಯ್ದವನು 1422ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಶಾ. ನಮ್ಮ ಕಡೆಯಿಂದ ರಾಜಧಾನಿಯೇ ಎದ್ದು ಹೋದ ಊರಿಗೆ ತಾವು ಹೊರಟಿದ್ದೇವೆಂಬ ವಿಷಯ ಮಕ್ಕಳಿಗೆ ಬಹಳ ಹಿಡಿಸಿತು. ಒಂಬತ್ತನೆಯ ತರಗತಿಯ ಪಾಠದಲ್ಲಿ ಈ ರಾಜ್ಯದ ಹೆಸರಿದೆ, ಆದರೆ ಅದು ತಮ್ಮ ಮನೆಯಂಗಳದ ಕಥೆ ಎಂದು ಅವರಿಗೆ ಅಲ್ಲಿಯವರೆಗೆ ಅನಿಸಿರಲಿಲ್ಲ. ನಮ್ಮ ಭಾಗದ ಶಾಲೆಗಳ ಪ್ರವಾಸ ಸಾಮಾನ್ಯವಾಗಿ ಮೈಸೂರು, ಬೇಲೂರು, ಜೋಗದ ಕಡೆಗೆ ಮುಖ ಮಾಡುತ್ತದೆ. ಅವುಗಳನ್ನೂ ನೋಡಬೇಕು. ಆದರೆ ಕೈಯಳತೆಯ ಬೀದರನ್ನು ನೋಡದೆಯೇ ಶಾಲೆ ಮುಗಿಸುವ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ ಎಂಬುದು ನನಗೆ ನೋವಿನ ಸಂಗತಿ.

ಕೋಟೆಯಲ್ಲಿ ಮೂರು ಗಂಟೆ ಇದ್ದೆವು. ಊರ ಕಡೆಯ ಕಂದಕ ಮೂರು ಪದರಿನದು. ಜಂಬಿಟ್ಟಿಗೆಯ ಬಂಡೆಯನ್ನೇ ಕೊರೆದು, ನಡುವೆ ಗೋಡೆಯ ಹಾಗೆ ಬಂಡೆಯನ್ನೇ ಉಳಿಸಿಕೊಂಡು ಮಾಡಿದ್ದು. ಅದರ ಅಂಚಿನಲ್ಲಿ ನಿಂತು ನಮ್ಮ ವಿಜ್ಞಾನ ಶಿಕ್ಷಕರು, ಈ ಕಲ್ಲು ನೆಲದಿಂದ ಆಗಷ್ಟೇ ತೆಗೆದಾಗ ಮೆತ್ತಗಿದ್ದು ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆಂದು ವಿವರಿಸಿದರು. ನಾಲ್ಕು ಮಕ್ಕಳು ಗೌಂಡಿಗಳ ಮನೆಯವರು. ಅವರು ಕೇಳಿದ ಪ್ರಶ್ನೆಗಳು ನನಗೆ ತೋಚುವಂಥವಲ್ಲ. ಇಷ್ಟು ಆಳದಿಂದ ಕಲ್ಲನ್ನು ಮೇಲೆ ಎತ್ತಿದ್ದು ಹೇಗೆ, ಕಂದಕದ ಗೋಡೆಗೆ ತೂಕದ ಗುಂಡು ಹಿಡಿದು ನೇರ ಮಾಡಿದರೋ ಇಲ್ಲವೋ ಎಂದೆಲ್ಲ ಅವರವರೇ ಚರ್ಚೆಗಿಳಿದರು. ಶರ್ಜಾ ದರ್ವಾಜೆಯ ಮೇಲೆ ಕೆತ್ತಿದ ಹುಲಿಗಳ ಮುಂದೆ ಎಲ್ಲ ಮಕ್ಕಳಂತೆ ಇವರೂ ಫೋಟೊ ತೆಗೆಸಿಕೊಂಡರು.

ಸೋಲಾ ಖಂಬಾ ಮಸೀದಿಯಲ್ಲಿ ನಡೆದದ್ದನ್ನು ಹೇಳಲೇಬೇಕು. ಬೀದರಿನ ಅತ್ಯಂತ ಹಳೆಯ ಮಸೀದಿಯಿದು. ಶಾಸನದ ಪ್ರಕಾರ 1423–24ರ ಕಟ್ಟಡ. ಹೆಸರಿನ ಅರ್ಥ ಹದಿನಾರು ಕಂಬ ಎಂದು ಹೇಳಿ ನಾನು ಸುಮ್ಮನಾದೆ. ಹತ್ತು ನಿಮಿಷದೊಳಗೆ ಒಬ್ಬ ಹುಡುಗ ಓಡಿ ಬಂದು, "ಮೇಡಂ, ಹದಿನಾರ ಅಲ್ರಿ, ಭಾಳ ಅದಾವ್ರಿ, ಹೆಸರು ತಪ್ಪದ" ಎಂದ. ಎಲ್ಲರೂ ಎಣಿಸಲು ಹೊರಟರು, ಲೆಕ್ಕ ಒಬ್ಬೊಬ್ಬರದು ಒಂದೊಂದಾಗಿ ಜಗಳವೂ ಆಯಿತು. ಮುಂಭಾಗದ ಕಮಾನುಗಳನ್ನು ಮುಚ್ಚಿದ್ದ ಕಾಲದಲ್ಲಿ ಎದುರಿಗೆ ಕಾಣುತ್ತಿದ್ದ ಹದಿನಾರು ಕಂಬಗಳಿಂದ ಈ ಹೆಸರು ಬಂತೆಂದು ಆಮೇಲೆ ವಿವರಿಸಿದೆ. ಹೆಸರಿಗೂ ಕಣ್ಣಿಗೂ ಹೊಂದಿಕೆಯಾಗದಿದ್ದಾಗ ಕಾರಣ ಕೇಳಬೇಕೆಂಬುದು ಇತಿಹಾಸದ ಪಾಠದ ಮೊದಲ ಮೆಟ್ಟಿಲು, ಅದನ್ನು ನಾನು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಅಂದು ಅದು ತಾನಾಗಿಯೇ ಆಯಿತು. ಆಗಿದ್ದು ನಮ್ಮ ಕೈಯಲ್ಲಿ ಸಮಯ ಇದ್ದ ಕಾರಣ. ಇಪ್ಪತ್ತು ನಿಮಿಷದ ಭೇಟಿಯಾಗಿದ್ದರೆ ಆ ಹುಡುಗ ಎಣಿಸುವ ಮೊದಲೇ ನಾನು ಸೀಟಿ ಊದಿರುತ್ತಿದ್ದೆ.

ಕೋಟೆಯಲ್ಲಿ ಒಂದು ಅಹಿತಕರ ಘಟನೆಯೂ ನಡೆಯಿತು, ಅದನ್ನು ಮುಚ್ಚಿಟ್ಟು ಉಳಿದವರಿಂದ ಅನುಕೂಲ ಕೇಳುವುದು ಸರಿಯಲ್ಲ. ನಮ್ಮ ಇಬ್ಬರು ಹುಡುಗರು ಹಳೆಯ ಗಾರೆಯ ಮೇಲೆ ಬೀಗದ ಕೈಯಿಂದ ತಮ್ಮ ಹೆಸರು ಕೆತ್ತಿದರು. ಅಲ್ಲಿ ಅದಾಗಲೇ ನೂರಾರು ಹೆಸರುಗಳಿದ್ದವು. ಬಂದವರೆಲ್ಲ ಹೀಗೆ ಬರೆಯುವುದು ರೂಢಿ ಎಂದೇ ಅವರು ತಿಳಿದಿದ್ದರು. ನಾನು ಅವರನ್ನು ಬೈಯಲಿಲ್ಲ. ಕಾವಲುಗಾರರ ಬಳಿ ಕರೆದುಕೊಂಡು ಹೋಗಿ, ನಡೆದದ್ದನ್ನು ಹೇಳಿಸಿ, ಶಾಲೆಯ ಪರವಾಗಿ ಕ್ಷಮೆ ಕೇಳಿದೆ. ಗೀರಿದ ಗಾರೆಯನ್ನು ಅಳಿಸಲು ಬರುವುದಿಲ್ಲ, ಉಜ್ಜಿದರೆ ಇನ್ನಷ್ಟು ಉದುರುತ್ತದೆ ಎಂದು ಆ ಹಿರಿಯರು ಹುಡುಗರಿಗೆ ಬಹಳ ಸಮಾಧಾನದಿಂದ ತೋರಿಸಿ ಹೇಳಿದರು. ಮುಂದೆ ದಿನವಿಡೀ ಆ ಇಬ್ಬರೂ ಬೇರೆ ಮಕ್ಕಳು ಗೋಡೆ ಮುಟ್ಟದಂತೆ ನೋಡಿಕೊಂಡರು. ಪ್ರವಾಸಕ್ಕೆ ಮೊದಲು ಊಟ, ಹಣ, ಸಮವಸ್ತ್ರದ ಬಗ್ಗೆ ನಾನು ಮಕ್ಕಳಿಗೆ ಹತ್ತು ಸಲ ಹೇಳಿದ್ದೆ, ಗೋಡೆಯ ಬಗ್ಗೆ ಒಮ್ಮೆಯೂ ಹೇಳಿರಲಿಲ್ಲ. ಸಹಶಿಕ್ಷಕರೇ, ದಯವಿಟ್ಟು ಬಸ್ಸು ಹತ್ತುವ ಮುನ್ನವೇ ಅದನ್ನು ಹೇಳಿ.

ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು ಹೆಣ್ಣುಮಕ್ಕಳನ್ನು ಬಹಳ ಹೊತ್ತು ಹಿಡಿದಿಟ್ಟವು. ಅದನ್ನು ಕಂಡದ್ದು ಮುಂದೆ ಬಿದರಿ ಕೆಲಸ ನೋಡುವಾಗ ಸಹಾಯಕ್ಕೆ ಬಂತು. ಕೋಟೆಯಿಂದ ಚೌಬಾರಾ ಕಡೆಗೆ ನಡೆದು ಹೋಗುವಾಗ ಒಬ್ಬ ಕುಶಲಕರ್ಮಿ ತಮ್ಮ ಅಂಗಡಿಯ ಮುಂದೆ ಮಕ್ಕಳನ್ನು ಗುಂಪು ಗುಂಪಾಗಿ ಕೂರಿಸಿಕೊಂಡು ಕೆಲಸ ತೋರಿಸಿದರು. ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೊದಲು ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿಕೊಳ್ಳುತ್ತಾರೆ, ಗೀರಿದ ಗೆರೆ ಕಾಣಲೆಂದು. ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸಿ, ಉಜ್ಜಿ, ಕಡೆಯಲ್ಲಿ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಮಾಡಿ ಸವರಿದಾಗ ಸತುವಿನ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುತ್ತಾರೆಂದು ಕೇಳಿ ಮಕ್ಕಳು ಬೆರಗಾದರು. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದೆ. ಈ ವಿಷಯಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಮಕ್ಕಳು ಅಂದು ಉಳಿಯ ಸದ್ದನ್ನು ಮೊದಲ ಸಲ ಕೇಳಿದರು. ವಸ್ತು ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ; ಅದು ಗೊತ್ತಿದ್ದೂ ಒಂದು ಗಂಟೆ ಕೊಟ್ಟ ಆ ಹಿರಿಯರಿಗೆ ನಾನು ಋಣಿ.

ಮದರಸಾದ ಬಗ್ಗೆ ಸ್ವಲ್ಪ ಹೆಚ್ಚಾಗಿ ಬರೆಯಲು ಅನುಮತಿ ಕೊಡಿ, ಏಕೆಂದರೆ ಶಾಲೆಯ ಮಕ್ಕಳಿಗೆ ಬೀದರಿನಲ್ಲಿ ತೋರಿಸಲು ಒಂದೇ ಒಂದು ಕಟ್ಟಡ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಮಹಮೂದ್ ಗವಾನ 1472ರಲ್ಲಿ ಕಟ್ಟಿಸಿದ ವಿದ್ಯಾಲಯ ಇದು. ಮೂರು ಅಂತಸ್ತು, ನಡುವೆ ತೆರೆದ ಅಂಗಳ, ಪಾಠದ ಸಭಾಂಗಣಗಳು, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳಿಗೆ 36 ಕೋಣೆಗಳು, ಗುರುಗಳಿಗೆ ಬೇರೆ ವಸತಿ. ಮುಂಭಾಗಕ್ಕಿದ್ದ ಎರಡು ಮಿನಾರುಗಳಲ್ಲಿ ಈಗ ಒಂದು ನಿಂತಿದೆ. ಕಟ್ಟಡದ ಒಂದು ಪಾರ್ಶ್ವ 1696ರಲ್ಲಿ ಕುಸಿಯಿತು. ಸಿಡಿಲು ಬಡಿದು, ಒಳಗೆ ಕೂಡಿಟ್ಟಿದ್ದ ಮದ್ದು ಹೊತ್ತಿಕೊಂಡು ಹೀಗಾಯಿತೆಂದು ಹೇಳುತ್ತಾರೆ. ಗೋಡೆಯ ಮೇಲೆ ಉಳಿದಿರುವ ನೀಲಿ ಮೆರುಗು ಹೆಂಚುಗಳ ಚೂರುಗಳಿಂದ ಇಡೀ ಮುಖಭಾಗ ಹೇಗಿದ್ದಿರಬಹುದೆಂದು ಮಕ್ಕಳು ಚಿತ್ರ ಬಿಡಿಸಲು ಕುಳಿತರು.

ವಿದ್ಯಾರ್ಥಿಗಳ ಒಂದು ಕೋಣೆಯ ಹೊಸ್ತಿಲಲ್ಲಿ ನಿಂತು ಹತ್ತನೆಯ ತರಗತಿಯ ಒಬ್ಬಳು, "ಮೇಡಂ, ಈ ಖೋಲ್ಯಾಗ ಹುಡುಗ್ರು ಇರ್ತಿದ್ರು ಅಂದ್ರಿ, ಹುಡುಗ್ಯಾರು ಇರ್ತಿದ್ದಿಲ್ಲೇನ್ರಿ?" ಎಂದು ಕೇಳಿದಳು. ಇರ್ತಿದ್ದಿಲ್ಲ ಎಂದೆ. ಅವಳು ಇನ್ನೇನೂ ಕೇಳದೆ ಒಳಗೆ ಹೋಗಿ, ಕಿಟಕಿಯ ಬಳಿ ಕುಳಿತು, ತನ್ನ ಪುಸ್ತಕ ತೆರೆದು ಬರೆಯತೊಡಗಿದಳು. ಅವಳನ್ನು ನೋಡಿ ಇನ್ನೂ ಮೂವರು ಹೋಗಿ ಕುಳಿತರು. ಆಮೇಲೆ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ ಗವಾನನ ಕೊನೆಯ ದಿನಗಳ ಕಥೆ ಹೇಳಿದೆ: ವಿರೋಧಿಗಳು ಅವನ ಮುದ್ರೆಯನ್ನು ಮೋಸದಿಂದ ಒತ್ತಿಸಿ ಒಡಿಶಾದ ರಾಜನಿಗೆ ಬರೆದಂಥ ಖೋಟಾ ಪತ್ರ ಸೃಷ್ಟಿಸಿದ್ದು, ಸುಲ್ತಾನ ಮೂರನೆಯ ಮಹಮದ್ ಶಾ ವಿಚಾರಣೆಯಿಲ್ಲದೆ 1481ರಲ್ಲಿ ಆ ವೃದ್ಧನ ತಲೆ ತೆಗೆಸಿದ್ದು, ಮರುವರ್ಷವೇ ಸುಲ್ತಾನನೂ ತೀರಿಕೊಂಡದ್ದು. ಕಥೆ ಮುಗಿದ ಮೇಲೂ ಮಕ್ಕಳು ಸ್ವಲ್ಪ ಹೊತ್ತು ಏಳಲಿಲ್ಲ.

ಗುರುನಾನಕ್ ಝೀರಾದಲ್ಲಿ ಊಟ. ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ದಾರಿಯಲ್ಲೇ ಮುಗಿದಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು, ಸಾಲಾಗಿ ಕುಳಿತು ಲಂಗರಿನ, ಅಂದರೆ ಗುರುದ್ವಾರದಲ್ಲಿ ಬಂದವರಿಗೆಲ್ಲ ಬಡಿಸುವ, ಊಟ ಮಾಡಿದೆವು. ಕೆಲವು ಮಕ್ಕಳು ತಾವಾಗಿಯೇ ಎದ್ದು ತಟ್ಟೆ ತೊಳೆಯುವವರ ಜೊತೆ ಸೇರಿಕೊಂಡರು. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಗರ ಕರೆಗೆ ತಲೆಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನ ಕ್ಷೌರಿಕ ಕುಟುಂಬದವರೆಂದು ಹೇಳಿದಾಗ, ಅದೇ ಕಸುಬಿನ ಮನೆಯ ನಮ್ಮ ಹುಡುಗನೊಬ್ಬ ಆ ಹೆಸರನ್ನು ಮತ್ತೊಮ್ಮೆ ಹೇಳಿಸಿ ಬರೆದುಕೊಂಡ.

ಅಷ್ಟೂರಿಗೆ ಹೋಗುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಅಹಮದ್ ಶಾನ ಗೋರಿಯ ಒಳಗೆ ಕತ್ತಲೆ. ಅಲ್ಲಿ ನೋಡಿಕೊಳ್ಳುವವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲಿನ ಕೋಲನ್ನು ಒಳಗೆ ತಿರುಗಿಸಿದಾಗ ಗುಮ್ಮಟದ ಒಳಮೈಯ ಬಣ್ಣ, ಬಂಗಾರದ ಅಕ್ಷರಗಳು ಒಂದೊಂದಾಗಿ ಹೊಳೆದವು. ಹತ್ತನೆಯ ತರಗತಿಯ ಬೆಳಕಿನ ಪ್ರತಿಫಲನದ ಪಾಠವನ್ನು ವಿಜ್ಞಾನ ಶಿಕ್ಷಕರು ಅಲ್ಲಿಯೇ ಮುಗಿಸಿದರು. ಈ ಸುಲ್ತಾನನನ್ನು ಮುಸ್ಲಿಮರು ವಲಿ (ಸಂತ) ಎಂದೂ ಹಿಂದೂ ಭಕ್ತರು ಅಲ್ಲಮಪ್ರಭು ಎಂದೂ ನಂಬಿ ನಡೆದುಕೊಳ್ಳುತ್ತಾರೆ, ಉರುಸಿಗೆ ನಮ್ಮ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಆ ಊರಿನ ಹೆಸರು ಕೇಳುತ್ತಲೇ, ತನ್ನ ಅಜ್ಜಿ ಆ ಉರುಸಿಗೆ ಬಂದವಳೆಂದು ಒಬ್ಬ ಹುಡುಗಿ ಹೇಳಿದಳು. ಪಕ್ಕದಲ್ಲಿ ಬಹಮನಿ ಸುಲ್ತಾನ ಹುಮಾಯೂನನ ಗೋರಿ ಅರ್ಧ ಸೀಳಿ ನಿಂತಿದೆ; ಗುಮ್ಮಟ ಎಷ್ಟು ದಪ್ಪ, ಒಳಗೆ ಏನಿರುತ್ತದೆ ಎಂದು ಕತ್ತರಿಸಿ ತೋರಿಸಿದ ಹಾಗೆ.

ಈಗ ಆಗದೆ ಹೋದದ್ದನ್ನು ಹೇಳುತ್ತೇನೆ. ನಮ್ಮ 23 ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರು ಕುಡಿಯಲಿಲ್ಲ. ಬಾಟಲಿ ತುಂಬಿಯೇ ಇದ್ದದ್ದನ್ನು ನೋಡಿ ಕೇಳಿದಾಗ, ಕುಡಿದರೆ ಎಲ್ಲಿ ಹೋಗುವುದೆಂದು ತಿರುಗಿ ಕೇಳಿದರು. ಮನೆಯಲ್ಲಿ ತಾಯಂದಿರೇ ಹಾಗೆ ಹೇಳಿ ಕಳಿಸಿದ್ದರಂತೆ. ಇಬ್ಬರಿಗೆ ಅಂದು ಮುಟ್ಟಾಗಿತ್ತು. ಅವರು ಪಟ್ಟ ಸಂಕಟವನ್ನು ನಾನು ಇಲ್ಲಿ ವಿವರಿಸಲಾರೆ. ಇದನ್ನು ಯಾವುದೋ ಒಂದು ಸ್ಥಳದ, ಒಂದು ಕಚೇರಿಯ ಮೇಲಿನ ದೂರಾಗಿ ಹೇಳುತ್ತಿಲ್ಲ. ಹೆಣ್ಣುಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋದರೂ ನಾನು ಕಂಡದ್ದೇ ಇದು. ಸ್ಮಾರಕದ ಅಂದಕ್ಕೆ ಧಕ್ಕೆ ಬಾರದ ದೂರದಲ್ಲಿ, ನೀರಿನ ವ್ಯವಸ್ಥೆ ಇರುವ, ದಿನಕ್ಕೆ ಎರಡು ಬಾರಿಯಾದರೂ ತೊಳೆಯುವ, ಒಳಗಿನಿಂದ ಚಿಲಕ ಹಾಕಲು ಬರುವ ಶೌಚಾಲಯ ಬೇಕು. ಅದು ಎಲ್ಲಿದೆ ಎಂದು ತೋರಿಸುವ ಫಲಕ ಪ್ರವೇಶದಲ್ಲೇ ಇರಬೇಕು. ಉಳಿದ ಎಲ್ಲ ಕೋರಿಕೆಗಳನ್ನು ನೀವು ಬದಿಗಿಟ್ಟರೂ ಇದೊಂದನ್ನು ಇಡಬೇಡಿ.

ಇನ್ನು ವಿವರಣೆಯ ಮಾತು. ಸ್ಮಾರಕಗಳ ಮುಂದಿನ ಫಲಕಗಳಲ್ಲಿ ಕನ್ನಡ ಇದೆ. ಆದರೆ ಅದು ಹದಿನಾಲ್ಕರ ಮಕ್ಕಳಿಗೆ ಹಿಡಿತಕ್ಕೆ ಬರುವ ಕನ್ನಡವಲ್ಲ. ವರ್ಷ, ವಂಶ, ಶೈಲಿಯ ಹೆಸರು ದಾಟಿ, ಇಲ್ಲಿ ಯಾರು ಇದ್ದರು, ಏನು ಮಾಡುತ್ತಿದ್ದರು ಎಂಬುದು ಅಲ್ಲಿರುವುದಿಲ್ಲ. ಎಂಟು ಪುಟದ ಒಂದು ಚಿಕ್ಕ ಪುಸ್ತಿಕೆ ಸಾಕು: ಕೋಟೆಯ ನಕ್ಷೆ, ನಡೆಯುವ ದಾರಿ, ಪ್ರತಿ ನಿಲುಗಡೆಯಲ್ಲಿ ಕಣ್ಣಿಟ್ಟು ಹುಡುಕಬೇಕಾದ ಒಂದೆರಡು ವಸ್ತು. ಬೀದರಿನ ಪದವಿ ಕಾಲೇಜುಗಳಲ್ಲಿ ಇತಿಹಾಸ ಓದುವ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಶಾಲಾ ಪ್ರವಾಸದ ತಿಂಗಳುಗಳಾದ ನವೆಂಬರ್, ಡಿಸೆಂಬರಿನಲ್ಲಿ ಗೌರವಧನದ ಮೇಲೆ ಮಾರ್ಗದರ್ಶಿಗಳನ್ನಾಗಿ ನಿಯೋಜಿಸಿದರೆ ಮಕ್ಕಳಿಗೂ ಅವರಿಗೂ ಒಳಿತು. ಕೋಟೆಯನ್ನು ನಾನು ನಾಲ್ಕು ಸಲ ಒಬ್ಬಳೇ ನೋಡಿ, ಓದಿ, ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ. ಎಲ್ಲ ಶಿಕ್ಷಕರಿಗೂ ಆ ಬಿಡುವು ಇರುವುದಿಲ್ಲ.

ಬಹಮನಿ ಕಾಲದ ನೆಲದೊಳಗಿನ ನೀರಿನ ಸುರಂಗ, ನೌಬಾದಿನ ಕರೇಜ್, ನಮ್ಮ ಪಟ್ಟಿಯಿಂದ ಬಿಟ್ಟುಹೋಯಿತು. ಬರಗಾಲ ಕಂಡ ಊರಿನ ಮಕ್ಕಳಿಗೆ, ಇಳಿಜಾರನ್ನಷ್ಟೇ ನಂಬಿ ಕಿಲೋಮೀಟರುಗಟ್ಟಲೆ ನೀರು ತಂದ ಆ ಕೆಲಸವನ್ನು ತೋರಿಸಲೇಬೇಕು. ಅದಕ್ಕೆ ಕೋಟೆಯಷ್ಟೇ ಹೊತ್ತು ಬೇಕು. ಹಾಗಾಗಿ ಮುಂದಿನ ವರ್ಷ ಅದನ್ನು ಮೊದಲಿಗಿಟ್ಟು ಅಷ್ಟೂರನ್ನು ಬಿಡುವ ವಿಚಾರದಲ್ಲಿದ್ದೇವೆ. ಬೀದರ್, ಕಲಬುರಗಿ, ವಿಜಯಪುರಗಳ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಆ ಪಟ್ಟಿಯ ಮುಂದಿನ ಹೆಜ್ಜೆಗೆಂದು ಸಿದ್ಧತೆ ನಡೆಸುವಾಗ ಸುತ್ತಲಿನ ಹಳ್ಳಿಯ ಶಾಲೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂಬುದು ನನ್ನ ವಿನಂತಿ.

ಅನುಮತಿ ನೀಡುವ ಅಧಿಕಾರಿಗಳಲ್ಲಿ ಒಂದು ಮಾತು. ನಮ್ಮ ಎರಡು ತರಗತಿಗಳಲ್ಲಿ 61 ಮಕ್ಕಳಿದ್ದಾರೆ, ಬಂದವರು 44. ಬಾರದ 17 ಮಕ್ಕಳಲ್ಲಿ ಬಹುಪಾಲು ಬಾರದಿದ್ದದ್ದು ಹಣದ ಕಾರಣಕ್ಕೆ. ಒಂದು ದಿನದ, ಹತ್ತಿರದ, ರಾತ್ರಿ ತಂಗುವ ಖರ್ಚಿಲ್ಲದ ಪ್ರವಾಸಕ್ಕೆ ಬಸ್ಸಿನ ಬಾಡಿಗೆಯಷ್ಟನ್ನು ಅನುದಾನದಿಂದ ಭರಿಸಿದರೆ ಆ ಮಕ್ಕಳೂ ಬರುತ್ತಾರೆ.

ನಾವು ಅನುಸರಿಸಿದ ವೇಳಾಪಟ್ಟಿ, ನಡೆದ ದಾರಿಯ ಕೈನಕ್ಷೆ ಮತ್ತು ಮಕ್ಕಳಿಗೆ ಕೊಟ್ಟಿದ್ದ ಪ್ರಶ್ನೆಗಳ ಹಾಳೆಯನ್ನು ಕೇಳಿದ ಯಾವುದೇ ಶಾಲೆಗೆ ಕೊಡಲು ಸಿದ್ಧರಿದ್ದೇವೆ. ಪುಸ್ತಿಕೆ ಬರೆಯುವ ಕೆಲಸ ಯಾರಾದರೂ ಕೈಗೆತ್ತಿಕೊಂಡರೆ, ರಜೆಯ ದಿನಗಳಲ್ಲಿ ಬಂದು ಕೈಜೋಡಿಸಲು ನಾನೂ ನನ್ನ ಸಹೋದ್ಯೋಗಿಗಳೂ ಒಪ್ಪಿದ್ದೇವೆ. ಬರುವ ನವೆಂಬರಿನಲ್ಲಿ ಮುಂದಿನ ತಂಡದೊಂದಿಗೆ ಮತ್ತೆ ಬರುತ್ತೇವೆ; ಅಷ್ಟರೊಳಗೆ ಶೌಚಾಲಯದ ವಿಷಯದಲ್ಲಿ ಏನಾದರೂ ನಿರ್ಧಾರವಾದರೆ, ಪ್ರವಾಸ ಹೊರಡುವ ಶಾಲೆಗಳಿಗೆಲ್ಲ ತಿಳಿಯುವಂತೆ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹೊರಡುವ ಮುನ್ನ ಮಕ್ಕಳ ತಾಯಂದಿರಿಗೆ ಅದನ್ನು ನಾನೇ ಹೋಗಿ ಹೇಳಬೇಕಾಗಿದೆ.

ಗೌರವಗಳೊಂದಿಗೆ,

ಸಮಾಜ ವಿಜ್ಞಾನ ಸಹಶಿಕ್ಷಕಿ,
ಸರಕಾರಿ ಪ್ರೌಢಶಾಲೆ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ